ಟೋಪಿಯಮ್ಮನ ಮುಯ್ಯಿ

ಭಾನುವಾರ ಮಧ್ಯಾಹ್ನ ಮುದ್ದೆ, ಉಪ್ಪೆಸರು ಉಂಡು, ಮನೆಯವರೆಲ್ಲ ಅಡ್ಡಾದ ಶುಭಮುಹೂರ್ತವನ್ನು ನೋಡಿಕೊಂಡು ನಾನು ವಿಡಿಯೋ ಗೇಮಿನ ಮುಂದೆ ಪದ್ಮಾಸನ ಹಾಕಿ ಕುಳಿತರೆ, ಅದು ಹೇಳುವ ಮೊದಲ ಮಾತು 'ಸ್ವಲ್ಪ ಕಾಯಿರಿ, ಅಪ್‌ಡೇಟ್ ಆಗುತ್ತಿದೆ' ಎಂದು. ಈ 'ಸ್ವಲ್ಪ' ಎಂಬ ಪದಕ್ಕೆ ಆ ಕಂಪನಿಗಳ ನಿಘಂಟಿನಲ್ಲಿ ಏನರ್ಥವಿದೆಯೋ ನಾನರಿಯೆ. ನಮ್ಮ ಹುಣಸೂರಿನ ಇಂಟರ್‌ನೆಟ್ಟಿನಲ್ಲಿ ಅದು ಮುಗಿಯುವಷ್ಟರಲ್ಲಿ ಮನೆಯವರ ನಿದ್ದೆ ಮುಗಿದಿರುತ್ತದೆ. 'ಕಾಫಿಗೆ ಹಾಲು ತರೋರು ಯಾರೂ ಇಲ್ವಾ ಈ ಮನೇಲಿ?' ಎಂಬ ಪ್ರಶ್ನೆ ಅಡುಗೆಮನೆಯಿಂದ ಹೊರಟು ನೇರವಾಗಿ ನನ್ನ ಬೆನ್ನಿಗೇ ಬಂದು ತಾಗಿರುತ್ತದೆ. ಹೋದ ವಾರ ಗಟ್ಟಿಮುಟ್ಟಾಗಿದ್ದ ಆಟಕ್ಕೆ ಈ ವಾರ ಯಾವ ಕಾಯಿಲೆ ಬಂತೆಂದು ಇಷ್ಟೊಂದು ಔಷಧಿ ಕುಡಿಸುತ್ತಾರೋ, ಕೇಳುವವರೇ ಇಲ್ಲ.

ನೀವು ಮನಸ್ಸಿನಲ್ಲಿ ನಗುತ್ತಿದ್ದೀರಿ ಎಂದು ಗೊತ್ತು. ತಲೆಕೂದಲು ನರೆತ, ಬೊಜ್ಜು ಬಂದ ಗೃಹಸ್ಥನೊಬ್ಬ ಆಟ ಆಡುವುದೇ ಹಾಸ್ಯಾಸ್ಪದ. ಅದರ ಮೇಲೆ ಅವನ ಕಸುಬು ಕನ್ನಡಕದ ಅಂಗಡಿ ಎಂದರೆ ಕೇಳಬೇಕೇ? ತಾಯಂದಿರು ಮಕ್ಕಳನ್ನು ಕರೆತಂದು, 'ಮೊಬೈಲ್ ನೋಡಿ ನೋಡಿ ಕಣ್ಣು ಕೆಡಿಸ್ಕೊಂಡವ್ನೆ, ನೀವಾದ್ರೂ ವಸಿ ಬುದ್ಧಿ ಹೇಳಿ ಸಾ' ಎಂದಾಗ ನಾನು ನೇತ್ರಸಂರಕ್ಷಣೆಯ ಕುರಿತು ಗಂಭೀರವಾದ ಉಪನ್ಯಾಸವನ್ನೇ ಕೊಡುತ್ತೇನೆ. ಆ ಹೊತ್ತಿನಲ್ಲಿ ಮೇಜಿನ ಡ್ರಾಯರಿನೊಳಗೆ ನನ್ನ ಮೊಬೈಲಿನಲ್ಲೊಂದು ಯುದ್ಧ ಅರ್ಧಕ್ಕೆ ನಿಂತು ನನಗಾಗಿ ಕಾಯುತ್ತಿರುತ್ತದೆ. ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ, ಒಪ್ಪಿದೆ. ಆದರೆ ಸಿಟ್ಟು ಮಾಡಿಕೊಳ್ಳುವ ಯೋಗ್ಯತೆ ಖಂಡಿತ ಇದೆ, ಏಕೆಂದರೆ ಪ್ರೀತಿಸಿದವನಿಗಲ್ಲದೆ ಇನ್ನಾರಿಗೆ ಸಿಟ್ಟಿನ ಹಕ್ಕು?

ನಾನು ಹುಡುಗನಾಗಿದ್ದಾಗ ಮೈಸೂರಿಗೆ ಹೋಗಿ ಒಂದು ಆಟದ ಸಿ.ಡಿ. ತಟ್ಟೆ ಕೊಂಡು ತಂದರೆ ಅದು ನನ್ನದು. ನೂರು ಸಲ ಆಡಬಹುದಿತ್ತು, ಪಿರಿಯಾಪಟ್ಟಣದ ಗೆಳೆಯನಿಗೆ ಎರವಲು ಕೊಟ್ಟು ಅವನು ವಾಪಸು ಕೊಡದೆ ಸತಾಯಿಸಿದಾಗ ಜಗಳವಾಡಬಹುದಿತ್ತು. ಈಗ ನೋಡಿ, ಪೂರ್ತಿ ಹಣ ಕೊಟ್ಟು ಕೊಂಡರೂ ಆಟ ನಮ್ಮದಲ್ಲವಂತೆ; ಅವರು ಆಡಗೊಡುವ ತನಕ ಆಡುವ ಅಪ್ಪಣೆ ಮಾತ್ರ ನಮ್ಮದಂತೆ. ಒಗ್ಗರಣೆಯಿಲ್ಲದ ಸಾರು ಬಡಿಸಿ, ಒಗ್ಗರಣೆಗೆ ಬೇರೆ ದುಡ್ಡು ಎನ್ನುವ ಹೋಟೆಲನ್ನು ಹುಣಸೂರಿನ ಜನ ಒಂದೇ ದಿನದಲ್ಲಿ ಮುಚ್ಚಿಸಿಬಿಟ್ಟಾರು. ಅರೆಬೆಂದ ಆಟಗಳನ್ನು ಮಾರುವ ಈ ಮಹಾಶಯರನ್ನು ಮಾತ್ರ ಲೋಕವೆಲ್ಲ ಹೊಗಳುತ್ತದೆ. ಮರದಡಿ ಕೂತು ಇಸ್ಪೀಟು ಎಲೆ ಹಾಕಿದವರನ್ನು ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ. ಮುಚ್ಚಿದ ಪೆಟ್ಟಿಗೆಯೊಂದನ್ನು ಮಕ್ಕಳಿಗೆ ಮಾರಿ, ಒಳಗೆ ಕತ್ತಿ ಸಿಕ್ಕರೂ ಸಿಕ್ಕೀತು, ಕತ್ತಿಗೆ ಕಟ್ಟುವ ರಿಬ್ಬನ್ನು ಸಿಕ್ಕರೂ ಸಿಕ್ಕೀತು ಎನ್ನುವವರು ಉದ್ಯಮಿಗಳಾಗುತ್ತಾರೆ. ಇನ್ನು ದಿನವೂ ತಪ್ಪದೆ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ಮೊದಲಿನಿಂದ ಶುರು! ಶಾಲೆಯ ಹಾಜರಿ ತಪ್ಪಿಸಿ ಆಟಕ್ಕೆ ಓಡುತ್ತಿದ್ದವನು ನಾನು. ಆಟವೇ ಹಾಜರಿ ಕೂಗುವ ಕಾಲ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಇವೆಲ್ಲ ನನ್ನ ಖಾಸಗಿ ಸಿಟ್ಟುಗಳು, ಕಾಫಿ ಕುಡಿದರೆ ಇಳಿಯುವಂಥವು. ಇಳಿಯದ ಸಿಟ್ಟೊಂದಿದೆ, ಅದನ್ನು ಹೇಳಲಿಕ್ಕೆಂದೇ ನಿಮ್ಮನ್ನು ಕೂರಿಸಿಕೊಂಡೆ. ಅದು ನನ್ನ ಸೋದರತ್ತೆ ಜಯಮ್ಮನಿಗೆ ಸಂಬಂಧಪಟ್ಟದ್ದು.

ಅತ್ತೆಯ ಮನೆ ಚುಂಚನಕಟ್ಟೆಯ ಪಕ್ಕದ ಹಳ್ಳಿಯಲ್ಲಿ, ನಾಲೆಯ ಬಯಲಿನಲ್ಲಿ ಅವರ ಗದ್ದೆ. ಕೆಲವು ವರ್ಷಗಳ ಹಿಂದೆ ಅತ್ತೆ ಹತ್ತಿರದ ನೋಟದ ಕನ್ನಡಕಕ್ಕೆಂದು ನನ್ನ ಅಂಗಡಿಗೆ ಬಂದಿದ್ದಳು. ಅಕ್ಷರದ ಕಾರ್ಡು ತೋರಿಸಿದರೆ 'ಪರೀಕ್ಷೆ ಬರೆಯಾಕ್ ಬಂದಿಲ್ಲ ಕಣ ಬುಡು' ಎಂದು ಮುಖ ತಿರುಗಿಸಿದಳು. ನಾನು ಉಪಾಯವಾಗಿ, ಆಗಷ್ಟೇ ಇಳಿಸಿಕೊಂಡಿದ್ದ ಬೇಸಾಯದ ಆಟವೊಂದನ್ನು ತೆರೆದು ಮೊಬೈಲನ್ನು ಅವಳ ಕೈಗಿತ್ತೆ. ಕುಂಬಳದ ಬಳ್ಳಿ, ಕೋಳಿ, ಬಾತುಕೋಳಿಗಳೆಲ್ಲ ಸ್ಪಷ್ಟವಾಗಿ ಕಂಡವು, ಕನ್ನಡಕ ಸರಿಹೊಂದಿತು. ಆಟವೂ ಸರಿಹೊಂದಿತು ಎಂಬುದು ನನಗೆ ಆಮೇಲೆ ತಿಳಿಯಿತು.

'ಕಳೆ ಕೀಳಂಗಿಲ್ಲ, ಗೊಬ್ರ ಒಡೆಯಂಗಿಲ್ಲ, ನಾಲೆ ನೀರ್ಗೆ ಜಗ್ಳ ಇಲ್ಲ. ಇದೂ ಒಂದ್ ಬೇಸಾಯ್ವೇನ್ಲಾ?' ಎಂದು ಆ ದಿನ ಮೂಗು ಮುರಿಯುತ್ತಲೇ ತನ್ನ ಮೊಬೈಲಿಗೂ ಅದನ್ನು ಹಾಕಿಸಿಕೊಂಡು ಹೋದವಳು, ಮುಂದಿನ ವಾರ ಫೋನು ಮಾಡಿ, 'ನನ್ ಕುಂಬ್ಳ ಬಂದ್ಬುಡ್ತು ಕಣ್ಲಾ!' ಎಂದು ಕೂಗಿದಳು. ಮಾವನಿಗಂತೂ ಇದೊಂದು ಬಿಡಿಸಲಾಗದ ಒಗಟಾಯಿತು: 'ಅಗಲೊತ್ತೆಲ್ಲ ಕೆಸ್ರಲ್ಲಿ ನಿಂತ್ಕೊಂಡು, ಸಂದೇಗೆ ಮನೇಗ್ ಬಂದು ತಿರ್ಗಾ ಗದ್ದೆಗೆ ಓಯ್ತಳಲ್ಲೋ ಇವ್ಳು!'

ಆ ಆಟದಲ್ಲಿ ನೆರೆಹೊರೆ ಎಂಬುದೊಂದಿದೆ. ನೀವು ಇಲ್ಲದಾಗ ನೆರೆಯವರು ಬಂದು ನಿಮ್ಮ ಬೆಳೆಗೆ ನೀರು ಹಾಕಬಹುದು, ನೀವು ಅವರ ಬೆಳೆಗೆ ಹಾಕಬಹುದು. ಮಾತಿಲ್ಲ, ಕೈಬೀಸುವ ಒಂದು ಚಿತ್ರ ಕಳಿಸಬಹುದು, ಅಷ್ಟೆ. ಅತ್ತೆಯ ಪಕ್ಕದ ಹೊಲದಲ್ಲಿ ಹುಲ್ಲಿನ ಟೋಪಿ ಹಾಕಿದ ಒಬ್ಬ ಹೆಂಗಸಿದ್ದಳು. ಹೆಸರು ಯಾವುದೋ ದೇಶದ ಲಿಪಿಯಲ್ಲಿತ್ತು, ನನಗೂ ಓದಲು ಬರಲಿಲ್ಲ. ಅತ್ತೆ ಅವಳಿಗೆ ಟೋಪಿಯಮ್ಮ ಎಂದು ನಾಮಕರಣ ಮಾಡಿದಳು. ಮುಂದೆ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು, ಮಾವ ಮೊಬೈಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೆಳೆಯೆಲ್ಲ ಒಣಗಿ ಕಡ್ಡಿಯಾಗಿರುತ್ತದೆಂದು ಅವಳು ಮಲಗಿದಲ್ಲೇ ಪೇಚಾಡುತ್ತಿದ್ದಳು. ಕಣ್ಣು ವಾಸಿಯಾಗಿ ತೆರೆದು ನೋಡಿದರೆ ಹೊಲವೆಲ್ಲ ಹಸಿರು. ದಿನವೂ ತಪ್ಪದೆ ಟೋಪಿಯಮ್ಮ ಬಂದು ನೀರು ಹಾಕಿ ಹೋಗಿದ್ದಳು.

ಇಲ್ಲಿಯೇ ನೋಡಿ, ನಾಲೆ ಬಯಲಿನವರು ಮಾತ್ರ ಮಾಡಬಹುದಾದ ತಪ್ಪನ್ನು ಅತ್ತೆ ಮಾಡಿದ್ದು. ನಾನಾಗಿದ್ದರೆ 'ಭೇಷ್' ಎಂದುಕೊಂಡು ಮುಂದಿನ ಬಿತ್ತನೆಗೆ ಹೋಗುತ್ತಿದ್ದೆ. ಅವಳು ಅದನ್ನು ಮುಯ್ಯಾಳು ಎಂದುಕೊಂಡಳು. ಇಂದು ನಮ್ಮ ಗದ್ದೆಯ ನಾಟಿಗೆ ನೀನು ಬಂದರೆ ನಾಳೆ ನಿನ್ನ ಗದ್ದೆಗೆ ನಾನು ಬರಬೇಕು, ಕೂಲಿಯ ಮಾತಿಲ್ಲ. ಆಳಿಗೆ ಆಳು ಸಂದರೆ ಮುಯ್ಯಿ ತೀರಿತು, ತೀರಿಸದವರ ಮನೆಯ ನಾಟಿಗೆ ಯಾರೂ ಸೀರೆ ಎತ್ತಿಕಟ್ಟುವುದಿಲ್ಲ. ಟೋಪಿಯಮ್ಮ ಅಷ್ಟು ದಿನ ತನ್ನ ಹೊಲಕ್ಕೆ ಬಂದಿದ್ದಾಳೆ, ತಾನು ಒಂದು ದಿನವೂ ಅವಳದ್ದಕ್ಕೆ ಹೋಗಿಲ್ಲ ಎಂಬ ಸಂಕೋಚ ಅತ್ತೆಯನ್ನು ತಿನ್ನತೊಡಗಿತು. ಹೋಗೋಣವೆಂದರೆ ಆ ಮಹಾತಾಯಿಯ ಹೊಲ ಸದಾ ಸೊಂಪಾಗಿರುತ್ತಿತ್ತು.

ಈಚೆಗೆ, ನಮ್ಮ ಕಡೆ ನಾಟಿಯ ಭರಾಟೆಯಲ್ಲಿ ಅತ್ತೆ ಆಟದ ಕಡೆ ತಲೆ ಹಾಕಿರಲಿಲ್ಲ. ಆಗ ಮೊಬೈಲು ಕಿಣಿ ಎಂದು, 'ನಿಮ್ಮ ನೆರೆಯವರ ಬೆಳೆ ಒಣಗುತ್ತಿದೆ' ಎಂದಿತು. ಅತ್ತೆ ಗಾಬರಿಯಿಂದ ನನಗೆ ಫೋನು ಮಾಡಿದಳು. 'ಟೋಪಿಯಮ್ಮುಂಗೆ ಉಷಾರಿಲ್ಲ ಕಣ್ಲಾ. ಇಲ್ದಿದ್ರೆ ಅವ್ಳು ಒಲ ಅಂಗ್ ಬುಡೋಳಲ್ಲ.' ಅಂದಿನಿಂದ ದಿನವೂ ಗದ್ದೆಯಿಂದ ಬಂದು, ಕಾಲು ತೊಳೆದು, ಒಲೆ ಹಚ್ಚುವ ಮೊದಲೇ ಟೋಪಿಯಮ್ಮನ ಹೊಲಕ್ಕೆ ಹೋಗಿ ಬರುತ್ತಿದ್ದಳು. ಒಣಗಿದ್ದು ಚಿಗುರಿತು, ಒಡತಿ ಮಾತ್ರ ಬರಲಿಲ್ಲ. ದೇವರಿಗೆ ದೀಪ ಹಚ್ಚುವಾಗ ಅವಳ ಹೆಸರನ್ನೂ ಸೇರಿಸಿಕೊಳ್ಳುತ್ತಾಳೆಂದು ಮಾವ ಹೇಳಿದರು, ಈ ಸಲ ನಗದೆ.

ಅಷ್ಟರಲ್ಲಿ ಕಂಪನಿಯ ಪ್ರಕಟಣೆ ಬಂತು: ತಿಂಗಳ ಕೊನೆಗೆ ಆಟ ಸಂಪೂರ್ಣವಾಗಿ ನಿಲ್ಲುತ್ತದೆ, ಈ ಸುಂದರ ಪಯಣದಲ್ಲಿ ಜೊತೆಯಾದದ್ದಕ್ಕೆ ಧನ್ಯವಾದ. ಪಯಣವಂತೆ! ಬಸ್ಸನ್ನು ಕಾಡಿನ ನಡುವೆ ನಿಲ್ಲಿಸಿ ಎಲ್ಲರನ್ನೂ ಇಳಿಸಿ ಹೋಗುವ ಕಂಡಕ್ಟರು ಕೂಡ ಇಷ್ಟು ನಾಚಿಕೆಗೆಟ್ಟ ಮಾತಾಡಲಾರ. ಹೊಸ ಆಟ ಬರುತ್ತಿದೆ, ಅಲ್ಲಿಗೆ ಬನ್ನಿ, ಹಳೆಯ ಹೊಲಗದ್ದೆಗಳನ್ನು ಒಯ್ಯಲಾಗುವುದಿಲ್ಲ ಎಂಬುದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಅತ್ತೆ ಕೇಳಿದ್ದು ಒಂದೇ ಮಾತು: 'ಅವ್ಳು ವಾಸಿಯಾಗಿ ಬಂದ್ರೆ ಎಲ್ಲಿಗ್ ಬತ್ತಳ್ಲಾ?'

ನಾನು ಕಂಪನಿಗೆ ಬರೆದೆ. ಆಟ ಉಳಿಸಿ ಎಂದು ಬೇಡಲಿಲ್ಲ. ಈ ಹುಲ್ಲಿನ ಟೋಪಿಯ ಆಟಗಾರ್ತಿಯ ವಿಳಾಸ ನಿಮ್ಮಲ್ಲಿದೆ, ನಮಗೆ ಕೊಡುವುದೂ ಬೇಡ. ಕಾವೇರಿ ದಂಡೆಯ ಜಯಮ್ಮ ಎಂಬಾಕೆ ದಿನವೂ ತಪ್ಪದೆ ನಿಮ್ಮ ಹೊಲಕ್ಕೆ ನೀರು ಹಾಕುತ್ತಿದ್ದಾಳೆ, ನಿಮ್ಮ ಆರೋಗ್ಯ ವಿಚಾರಿಸುತ್ತಿದ್ದಾಳೆ ಎಂದು ಅವರಿಗೆ ತಿಳಿಸಿದರೆ ಸಾಕು ಎಂದೆ. ಆಟ ನಿಂತ ಮೇಲೆ ಉತ್ತರ ಬಂತು. ಬರೆದವರು ಯಾರೋ, ಪ್ರಾಮಾಣಿಕರು ಇರಬೇಕು. ನೀವು ಕೇಳಿದ ನೆರೆಯವರು ಮನುಷ್ಯರಲ್ಲ, ಆಟವೇ ನಡೆಸುವ ಪಾತ್ರ. ಆಟಗಾರರು ಬಿಟ್ಟುಹೋಗದಿರಲೆಂದು ಅದು ಅವರ ಬೆಳೆಗೆ ನೀರು ಹಾಕುತ್ತದೆ, ಆಮೇಲೂ ಅವರು ಬರುವುದು ಕಡಿಮೆಯಾದರೆ ಅದರ ಬೆಳೆ ಒಣಗುತ್ತದೆ ಎಂದಿತ್ತು.

ಮೈಯೆಲ್ಲ ಉರಿದುಹೋಯಿತು. ಕತ್ತಿ ಮಾರಿಕೊಳ್ಳಲಿ, ಪೆಟ್ಟಿಗೆ ಮಾರಿಕೊಳ್ಳಲಿ. ನೆರೆಯವಳ ಕಷ್ಟಕ್ಕೆ ಎದ್ದು ಓಡುವ ಬುದ್ಧಿಯನ್ನೇ ಗಾಳಕ್ಕೆ ಸಿಕ್ಕಿಸಿ ಮೀನು ಹಿಡಿಯುವುದೆಂದರೇನು! ಅಂಥದ್ದೊಂದನ್ನು ಹೊಸೆದವನೂ ಒಬ್ಬ ಆಟಪ್ರೇಮಿಯೇ ಇದ್ದಾನು ಎಂದುಕೊಂಡಾಗ ಇಷ್ಟು ವರ್ಷ ನಾನು ಪ್ರೀತಿಸಿದ್ದೇನನ್ನು ಎಂದು ಹೇಸಿಗೆಯಾಯಿತು. ಮುಚ್ಚಿಡಲು ಮನಸ್ಸಾಗದೆ ಅಂಗಡಿಯ ರಜೆಯ ದಿನ ಕೆ.ಆರ್. ನಗರದ ಬಸ್ಸು ಹತ್ತಿ, ಅಲ್ಲಿಂದ ಅತ್ತೆಯ ಮನೆಗೆ ಹೋದೆ. ಅವಳು ಜಗಲಿಯ ಮೇಲೆ ಅಲಸಂದೆಕಾಯಿ ಸುಲಿಯುತ್ತಿದ್ದಳು. ಎಲ್ಲವನ್ನೂ ಬಿಡಿಸಿ ಹೇಳಿದೆ.

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದಮೇಲೆ ಅತ್ತೆಯ ಮುಖ ಕೆಂಪಾಯಿತು. 'ಅವ್ರ ಬಾಯ್ಗೆ ಮಣ್ಣಾಕ! ಅವ್ರ ಕೈಗೆ ಕರಿನಾಗ್ರ ಕಚ್ಚ! ಮನ್ಸ್ಳು ಅಂದ್ಕಂಡು ದಿನಾ ಓಗಿ ನೀರ್ ಉಯ್ದ್ನಲ್ಲೋ, ಒಲೆ ಅಚ್ದೇ ಗಂಡುನ್ನ ಕಾಯಿಸಿ!' ಎಂದು ಕಾಯಿಯ ಸಿಪ್ಪೆಗಳನ್ನು ಅಂಗಳಕ್ಕೆ ಬೀಸಿ ಎಸೆದಳು. ನನ್ನ ಸಿಟ್ಟಿಗೆ ಸರಿಸಮನಾದ ಸಿಟ್ಟೊಂದು ಸಿಕ್ಕಿತಲ್ಲ ಎಂದು ನನಗೆ ಹಿತವೆನಿಸಿತು. ನಾನೂ ನಾಲ್ಕು ಬೈಗುಳ ಸೇರಿಸಿದೆ. ಇಬ್ಬರೂ ಬೈದು ಬೈದು ಸುಸ್ತಾದೆವು.

ಅತ್ತೆ ಮತ್ತೆ ಮೊರ ಎಳೆದುಕೊಂಡಳು. ನಾಲ್ಕು ಕಾಯಿ ಸುಲಿದು, ತಲೆಯೆತ್ತಿ ಕೇಳಿದಳು:

'ಅಂಗಾದ್ರೆ ಯಾರೂ ಉಷಾರಿಲ್ದೆ ಮಲೀಕಂಡಿಲ್ಲ ಅನ್ನು?'

'ಇಲ್ಲ ಅತ್ತೆ. ಯಾರೂ ಇಲ್ಲ.'

'ಸದ್ಯ' ಎಂದಳು, ಉಸಿರುಬಿಟ್ಟು.

ಆವರೆಗೆ ಆ ಕಂಪನಿಯವರ ಮೇಲೆ ನನಗಿದ್ದದ್ದು ಬರಿಯ ಸಿಟ್ಟು, ಇಂದಲ್ಲ ನಾಳೆ ಇಳಿಯುತ್ತಿತ್ತೇನೋ. ಆ ಒಂದು ಮಾತು ಕೇಳಿದ ಮೇಲೆ ಅವರನ್ನು ಕ್ಷಮಿಸುವುದು ನನ್ನಿಂದ ಸಾಧ್ಯವೇ ಇಲ್ಲ.