ಅತ್ತಿಗೆಯ ಅಂಗೈ ಮತ್ತು ಥರ್ಮೋಸ್ಟಾಟು

ಅತ್ತಿಗೆ ಮಂಚದ ಮೇಲೆ, ಅಣ್ಣ ಬಾಗಿಲಲ್ಲಿ, ಪಂಪ್‌ಸೆಟ್ ರಿಪೇರಿ ಮಾಡುವ ಸುಂದರ ಎಂಬವನು ಸ್ಟೂಲಿನ ಮೇಲೆ, ಅವನ ಪಕ್ಕ ಟಾರ್ಚು ಹಿಡಿದ ನಾನು. ಗೋಣಿಬೀಡಿನ ಡಿಸೆಂಬರ್ ಚಳಿಯಲ್ಲಿ ಸ್ವೆಟರು, ಮಫ್ಲರು ಸುತ್ತಿಕೊಂಡು ನಾವು ಎಸಿ ರಿಪೇರಿ ಮಾಡುತ್ತಿದ್ದೆವು. ನಗಬೇಡಿ. ನಗುವುದನ್ನೆಲ್ಲ ಊರಿನವರು ಆಗಲೇ ನಕ್ಕು ಮುಗಿಸಿದ್ದರು.

ಅತ್ತಿಗೆಗೆ ಸಕ್ಕರೆ ಕಾಯಿಲೆ. ಅಂಗೈ, ಅಂಗಾಲು ಕೆಂಡ ಇಟ್ಟ ಹಾಗೆ ಉರಿ. ಮುಟ್ಟಿದರೆ ಮಾತ್ರ ತಣ್ಣಗೆ. "ಕೈ ತಣ್ಣಗಿದೆಯಲ್ಲೇ, ಎಲ್ಲಿಯ ಉರಿ?" ಎಂದು ಅಣ್ಣ ದಿನಕ್ಕೆರಡು ಸಲ ಕೇಳುತ್ತಿದ್ದ. ಎಸಿ ತಂದವನೂ ಅವನೇ; ನಂಬಿ ತಂದದ್ದಲ್ಲ, ನರಳಾಟ ಕೇಳಲಾರದೆ ತಂದದ್ದು. ನಾನೂ ನಂಬಿರಲಿಲ್ಲ, ಈಗ ಒಪ್ಪಿಕೊಳ್ಳುತ್ತೇನೆ. ಕಾಫಿ ಬೀಜ ಒಣಗಿದೆಯೋ ಎಂದು ಹಲ್ಲಲ್ಲಿ ಕಡಿದು ನೋಡಿಯೇ ಒಪ್ಪುವ ಜನ ನಾವು. ಮನುಷ್ಯರ ನೋವನ್ನು ಎಲ್ಲಿ ಕಡಿದು ನೋಡುವುದು?

ಕಿಟಕಿಗೆ ಕೂರಿಸಿದ ಎಸಿಯ ಹಳೆಯ ಥರ್ಮೋಸ್ಟಾಟು ಕೆಟ್ಟಿತ್ತು. ಹೊಸದಕ್ಕೆ ಎರಡು ವೈರು, ಒಂದು ತೆಳು ತಾಮ್ರದ ಬಾಲ. ಬಾಲದ ತುದಿಗೆ ಕೋಣೆ ಬಿಸಿಯೆನ್ನಿಸಿದರೆ ಕಂಪ್ರೆಸರ್ ಗುರ್ ಎನ್ನಬೇಕು. ಎನ್ನಲಿಲ್ಲ. ಸುಂದರ ಮೇನ್ ಆಫ್ ಮಾಡಿ ವೈರು ಬಿಚ್ಚಿದ, ಕಟ್ಟಿದ, ಅದಲು ಬದಲು ಮಾಡಿ ಮತ್ತೆ ಆನ್ ಮಾಡಿದ. ಮೂರು ಸಲ.

"ಹೊಸದೂ ಸತ್ತಿದೆ ಮಾರಾಯ" ಎಂದೆ.

"ಅದಕ್ಕೂ ಉರಿ ಗೊತ್ತಾಗ್ತಿಲ್ಲ, ನಿಮ್ಮಣ್ಣನ ಹಾಗೇ" ಎಂದರು ಅತ್ತಿಗೆ. "ಆ ಬಾಲ ಇಲ್ಲಿ ಕೊಡಪ್ಪ ಸುಂದರ."

ಕಿಟಕಿಗೆ ತಾಗಿದ ಮಂಚ. ಎದ್ದು ಕೂತು, ನೇತಾಡುತ್ತಿದ್ದ ತುದಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡರು. ಸ್ವಲ್ಪ ಹೊತ್ತು. ಟಕ್ ಎಂದಿತು, ಆಮೇಲೆ ಗುರ್.

ಅತ್ತಿಗೆ ಅಣ್ಣನನ್ನು ನೋಡಿದರು. "ಈಗ? ಇದಕ್ಕೂ ನಾನೇ ಹೇಳ್ಕೊಟ್ಟೆ ಅಂತೀರಾ?"

"ಅಲ್ಲಮ್ಮ, ಕೋಣೆನೇ ತಣ್ಣಗಿದೆ ಅಂತ ಅದು ಸುಮ್ನಿತ್ತು, ಯಾರ ಕೈ ಆದ್ರೂ..." ಎನ್ನುತ್ತಿದ್ದ ಸುಂದರನ ಮೀನಖಂಡವನ್ನು ನಾನು ಜಿಗುಟಿದೆ. ಅಣ್ಣ ಒಳಗೆ ಬಂದು ಅತ್ತಿಗೆಯ ಇನ್ನೊಂದು ಕೈಯನ್ನು ಹಿಡಿದುಕೊಂಡು ಕೂತ. "ತುಂಬ ಉರಿಯಾ?" ಎಂದ. ಅಲ್ಲಿಂದ ಮುಂದೆ ಅದೊಂದೇ ಪ್ರಶ್ನೆ. ಅಣ್ಣನನ್ನು ಚೆನ್ನಾಗಿ ಏಮಾರಿಸಿದೆ ಎಂದು ನಾನು ಒಳಗೊಳಗೇ ಬೀಗಿದೆ.

ಮರುವರ್ಷ ಅದೇ ಚಳಿಯಲ್ಲಿ ಅತ್ತಿಗೆ ತೀರಿಕೊಂಡರು. ಸಂಸೆಯಿಂದ ಅವರ ತಂಗಿ ಬರುವವರೆಗೆ ದೇಹ ಕೆಡದಿರಲಿ ಎಂದು ನಾನು ಎಸಿ ಹಾಕಿದೆ. ಫ್ಯಾನು ತಿರುಗಿತು, ಕಂಪ್ರೆಸರ್ ಏಳಲಿಲ್ಲ. ಅಣ್ಣ ಎದ್ದು ಬಂದ. ಮುಂದಿನ ಮುಚ್ಚಳ ತೆಗೆದು, ಬಾಲದ ತುದಿಯನ್ನು ತನ್ನ ಮುಷ್ಟಿಯಲ್ಲಿ ಹಿಡಿದ. ಗುರ್ ಎಂದಿತು. ಯಾರ ಕೈಯಾದರೂ ಸಾಕು ಎಂಬುದನ್ನು ಅವನಿಗೆ ನಾನು ಹೇಳಿಕೊಟ್ಟಿರಲಿಲ್ಲ.

ಸಂಸೆಯ ಜೀಪು ಬರುವವರೆಗೂ ಅಣ್ಣ ಮುಷ್ಟಿ ಬಿಚ್ಚಲಿಲ್ಲ.