ಒಂದು ದಿಮ್ಮಿ, ಒಂದು ಹೊರೆ ಸೌದೆ

ಕಾಕಮೆಗಾ ಕಾಡಿಗೆ ಆಗಷ್ಟೇ ಬೆಳಕು ಇಳಿಯುತ್ತಿದೆ. ಪೆನಿನಾ ಮುಹೊಂಜಾ ಬಿದ್ದ ದಿಮ್ಮಿಯೊಂದಕ್ಕೆ ಮೂಗು ತಾಗುವಷ್ಟು ಬಾಗಿದ್ದಾರೆ. ಅದರ ಮೇಲೆ ಅಂಗೈಯಗಲದ ಹಳದಿ ಲೋಳೆ. ನಿನ್ನೆ ಆ ತುದಿಯಲ್ಲಿತ್ತು, ಇವತ್ತು ನಡುವಿಗೆ ಹರಿದಿದೆ.

"ಮುಟ್ಬೇಡಿ. ಇನ್ನೂ ಎಳಸು," ಎಂದು ಬೆರಳು ಚಾಚಿದ ನನ್ನನ್ನು ತಡೆಯುತ್ತಾರೆ.

ಅರವತ್ತೊಂದರ ಮುಹೊಂಜಾ ಓದಿದ್ದು ಐದನೇ ತರಗತಿ. ಬಿದ್ದ ಮರಗಳ ಮೇಲೆ ಹರಿದು ಬೆಳೆಯುವ ಇಂಥ ಲೋಳೆ ಬೂಷ್ಟುಗಳ ಗುರುತು ಹಿಡಿಯಲು ಕಲಿತದ್ದು ಸೌದೆ ಆರಿಸುತ್ತಾ. ಕಾಡಿನ ಸಂಶೋಧನಾ ಕೇಂದ್ರದಲ್ಲಿ ಇವರು ತಂದ ನಾನೂರ ಹನ್ನೆರಡು ಮಾದರಿಗಳಿವೆ, ಒಂದೊಂದೂ ಖಾಲಿ ಬೆಂಕಿಪೆಟ್ಟಿಗೆಯಲ್ಲಿ. ಒಂದರ ಮೇಲೆ ಮಾತ್ರ ಹೆಸರಿಲ್ಲ, ಪ್ರಶ್ನೆಚಿಹ್ನೆಯಿದೆ. ಏಳು ವರ್ಷದ ಹಿಂದೆ ಇಂಥದೇ ಹಳದಿಯನ್ನು ಆತುರಪಟ್ಟು ಕಿತ್ತಿದ್ದರು; ಅದು ಒಣಗಿ ಬರೀ ಸಿಪ್ಪೆಯಾಯಿತು. ಆಮೇಲೆ ಕಣ್ಣಿಗೆ ಬಿದ್ದಿರುವುದು ಇದೇ ಮೊದಲು.

"ಮಾಗದೆ ಹೆಸರು ಹೇಳೋದು, ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿದ ಹಾಗೆ."

ಮಾಗಲು ಇನ್ನೆರಡು ದಿನ ಬೇಕು. ಆದರೆ ಇವತ್ತು ಶುಕ್ರವಾರ, ಸೌದೆಗೆ ಕಾಡು ತೆರೆಯುವ ದಿನ. ನೆರೆಮನೆಯ ಜೆಸ್ಕಾ ಮಚ್ಚು ಹಿಡಿದು ಬಂದೇಬಿಟ್ಟರು.

"ಏಳು, ಕುಖು. ಒಣ ದಿಮ್ಮಿ, ವಾರದ ಒಲೆಗಾಗತ್ತೆ."

"ಕುಖು ಅಂದ್ಮೇಲೆ ಅಜ್ಜಿ ಮಾತು ಕೇಳು ಮಗಳೇ, ಭಾನುವಾರದವರೆಗೆ ಬಿಡು."

"ನಾಯಿ ವಾಂತಿಗೆ ಕಾವಲು ಕೂತಿದೀಯಾ? ಇದು ನನ್ನ ಉಗಾಲಿ ಮುದ್ದೆ ಬೇಯಿಸತ್ತಾ?"

"ನಿನ್ನ ಗಂಡನಿಗಿಂತ ಚುರುಕು ಕಣೇ. ಬೆಳಗಾಗೋದ್ರೊಳಗೆ ಒಂದು ಮೊಳ ನಡೆದಿದೆ."

ಜೆಸ್ಕಾ ನಗುತ್ತಾರೆ, ಮಚ್ಚು ಮಾತ್ರ ಇಳಿಸುವುದಿಲ್ಲ. ಮುಹೊಂಜಾ ಎದ್ದು, ಆಗಲೇ ಆರಿಸಿ ಕಟ್ಟಿಟ್ಟಿದ್ದ ತಮ್ಮ ಹೊರೆಯನ್ನು ಆಕೆಯ ತಲೆಗೇರಿಸುತ್ತಾರೆ. ಮುಂದಿನ ಸೌದೆ ದಿನದವರೆಗೆ ಮುಹೊಂಜಾ ಮನೆಯ ಒಲೆ ಉರಿಯುವುದು ಮೆಕ್ಕೆಜೋಳದ ಬೆಂಡಿನಲ್ಲಿ.

ಭಾನುವಾರ ಬೆಳಿಗ್ಗೆ ಲೋಳೆ ಮಾಯ. ಅದರ ಜಾಗದಲ್ಲಿ ಎಳೆಯಂಥ ಹಳದಿ ಕಾಂಡಗಳು, ಒಂದೊಂದರ ತುದಿಗೂ ಸುಕ್ಕುಗಟ್ಟಿದ ಬೂದು ತಲೆಗಳ ಗೊಂಚಲು. ಮುಹೊಂಜಾ ಒಂದನ್ನು ಕಿತ್ತು ಕಾಗದಕ್ಕೆ ಒರೆಸುತ್ತಾರೆ: ಕಪ್ಪು ಪುಡಿ. ಇನ್ನೊಂದರ ಮೇಲೆ ನಿಂಬೆರಸದ ಹನಿ ಬಿಟ್ಟು ಮಸೂರ ಹಿಡಿಯುತ್ತಾರೆ. ಸಣ್ಣ ಗುಳ್ಳೆಗಳು ಏಳುತ್ತವೆ.

"ಸುಣ್ಣ ಇದೆ. ಇವಳು ಬಹುತಲೆಯವಳು."

ಹೊಸ ಬೆಂಕಿಪೆಟ್ಟಿಗೆಯ ಮೇಲೆ ಬಹುತಲೆಯವಳ ವೈಜ್ಞಾನಿಕ ಹೆಸರನ್ನು ನಿಧಾನವಾಗಿ ಬರೆಯುತ್ತಾರೆ: ಫೈಸರಮ್ ಪಾಲಿಸೆಫಲಮ್. ಹಾಗಾದರೆ ಹಳೆಯ ಪೆಟ್ಟಿಗೆಯ ಪ್ರಶ್ನೆಚಿಹ್ನೆಯನ್ನೂ ಅಳಿಸಬಹುದಲ್ಲ ಎನ್ನುತ್ತೇನೆ.

"ಅದೂ ಇದೇ ಇರಬಹುದು. ಆದ್ರೆ ಅದನ್ನ ಮಾಗೋಕೆ ನಾನು ಬಿಡ್ಲಿಲ್ಲ. ಪ್ರಶ್ನೆ ಹಾಗೇ ಇರ್ಲಿ."

ಪೆಟ್ಟಿಗೆಯನ್ನು ಸೊಂಟದ ಬಟ್ಟೆಯ ಗಂಟಿಗೆ ಸೇರಿಸಿ ದಿಮ್ಮಿಯನ್ನೊಮ್ಮೆ ತಟ್ಟುತ್ತಾರೆ.

"ಜೆಸ್ಕಾಗೆ ಹೇಳಿ, ಮುಂದಿನ ಸೌದೆ ದಿನ ಇದನ್ನ ಒಯ್ಯಲಿ. ನನ್ನ ಕೆಲಸ ಮುಗೀತು."