ಮುಂದಿನ ಕೋಣೆಯ ಮೊಳೆ

ಇನ್ನು ಒಂದೇ ಒಂದು ಹಲಗೆ ಉಳಿದಿತ್ತು. ಎಲುನೆಡ್ ಮೊಳೆ ಇಟ್ಟು ಸುತ್ತಿಗೆ ಬೀಸಿದಳು. ಮೊದಲ ಎರಡು ಪೆಟ್ಟಿಗೆ ಗಟ್ಟಿಯಾಗಿ ಇಳಿದ ಮೊಳೆ, ಮೂರನೆಯದಕ್ಕೆ ಬೆಣ್ಣೆಗೆ ಚಾಕು ಇಳಿದಂತೆ ಸರ್ರನೆ ಒಳಗೆ ಹೋಗಿಬಿಟ್ಟಿತು. ಅವಳ ಕೈ ಗಾಳಿಯಲ್ಲೇ ನಿಂತಿತು. ಮರ ಹಾಗೆ ದಾರಿ ಬಿಡುವುದಿಲ್ಲ!

ವೇಲ್ಸಿನ ಆ ಸ್ಲೇಟುಗಣಿ ಊರಿನಲ್ಲಿ ಬೀದಿಗೆ ಮುಖ ಮಾಡಿದ ಮುಂದಿನ ಕೋಣೆ ಇರುವುದು ಎರಡೇ ಕೆಲಸಕ್ಕೆ: ಪಾದ್ರಿ ಬಂದರೆ ಚಹಾ ಕೊಡಲು, ಮನೆಯಲ್ಲಿ ಯಾರಾದರೂ ಸತ್ತರೆ ಶವಪೆಟ್ಟಿಗೆ ಇಡಲು. ಉಸಿರಾಡುವವರೆಲ್ಲ ಹಿಂದಿನ ಅಡುಗೆಮನೆಯಲ್ಲೇ ಇರುವುದು. ಆದರೆ ಎಲುನೆಡ್‌ಳ ಗಂಡ ಇದ್ವಲ್‌ನ ಎದೆಯಲ್ಲಿ ಗಣಿಯ ಧೂಳು ಮನೆ ಮಾಡಿ ಈಗ ಮೆಟ್ಟಿಲು ಹತ್ತಲಾಗದು. ಆಸ್ಪತ್ರೆಯಿಂದ ಬಂದರೆ ಮುಂದಿನ ಕೋಣೆಯೇ ಗತಿ.

"ಆ ರೂಮಿಗೆ ನಮ್ಮಜ್ಜ ಮಲಗಿಕೊಂಡೇ ಹೋದ, ನಮ್ಮಪ್ಪ ಮಲಗಿಕೊಂಡೇ ಹೋದ. ನಾನು ಹೋಗಲ್ಲ," ಎಂದಿದ್ದ ಇದ್ವಲ್ ಆಸ್ಪತ್ರೆಯ ಹಾಸಿಗೆಯಿಂದ.

"ನಿನ್ನ ಶ್ವಾಸಕ್ಕಿಂತ ಬಾಯೇ ಜಾಸ್ತಿ ಓಡುತ್ತೆ. ಸುಮ್ನಿರು."

ಬಾಯಿಗೆ ಬೀಗ ಹಾಕಬಹುದಿತ್ತು, ನರ್ಸಿನ ಮಾತಿಗೆ ಆಗಲಿಲ್ಲ. ಕೋಣೆ ಹದಿನೆಂಟು ಡಿಗ್ರಿ ಬೆಚ್ಚಗಿರಬೇಕು, ಕರೆತರುವವರು ಅಳೆದು ನೋಡುತ್ತಾರೆ, ಇಲ್ಲದಿದ್ದರೆ ಅವನನ್ನು ಕಡಲತೀರದ ವೃದ್ಧಾಶ್ರಮಕ್ಕೆ ಒಯ್ಯುತ್ತಾರೆ. ಅಲ್ಲಿಗೆ ಹೋದ ಗಣಿಯವರು ಯಾರೂ ವಾಪಸ್ ಬಂದಿರಲಿಲ್ಲ.

ಆ ಕೋಣೆಯಲ್ಲಿ ಬೆಂಕಿ ಹಾಕಿದರೂ ಕಾಲು ಮರಗಟ್ಟುತ್ತಿತ್ತು. ಮರದ ನೆಲದ ಕೆಳಗೆ ಟೊಳ್ಳು, ಟೊಳ್ಳಿನಲ್ಲಿ ಬೆಟ್ಟದ ಗಾಳಿ, ಹಲಗೆಗಳ ಸಂದಿನಿಂದ ಅದು ನೇರ ಮೇಲಕ್ಕೆ. ಹೊರಗೋಡೆಯ ಗಾಳಿಕಂಡಿಗಳನ್ನು ಮುಚ್ಚಿದರೆ ಕೆಳಗಿನ ತೊಲೆ ಕೊಳೆಯುತ್ತದೆ. ಗಾಳಿ ತನ್ನ ಪಾಡಿಗೆ ಕೆಳಗೇ ಓಡಾಡಲಿ, ಮೇಲೆ ಮಾತ್ರ ಬರಬಾರದು. ಅದಕ್ಕೇ, ಶಾಲೆಯ ಅಡುಗೆಮನೆಯಲ್ಲಿ ಆಯಸ್ಸು ಸವೆಸಿದ ಎಲುನೆಡ್, ಬಸ್ ಓಡಿಸುವ ತಮ್ಮ ಗ್ವಿಲಿಮ್‌ನನ್ನು ಕಟ್ಟಿಕೊಂಡು ಹಲಗೆಗಳನ್ನೆಲ್ಲ ಎಬ್ಬಿಸಿದಳು. ತೊಲೆಗಳ ನಡುವೆ ತೊಟ್ಟಿಲಿನ ಹಾಗೆ ಬಲೆ ಕಟ್ಟಿ, ಅದರೊಳಗೆ ದಪ್ಪ ಉಣ್ಣೆ ತುಂಬಿ, ಮೇಲೆ ಗಾಳಿ ನುಸುಳದ ಹಾಳೆ ಹಾಸಿ, ಹಲಗೆಗಳನ್ನು ಮತ್ತೆ ಕೂರಿಸುತ್ತಾ ಬಂದಳು.

"ಅಕ್ಕಾ, ಊರಿನ ಕುರಿಗಳೆಲ್ಲ ಬೆತ್ತಲೆ ಓಡಾಡ್ತಿರಬೇಕು," ಎಂದಿದ್ದ ಗ್ವಿಲಿಮ್ ಬೆಳಿಗ್ಗೆ. ಆಗಿನ್ನೂ ನಗುವಿತ್ತು.

ಕೋಣೆ ಬಿಸಿ ಮಾಡುವ ರೇಡಿಯೇಟರಿಗೆ ಬಾಯ್ಲರಿನ ಬಿಸಿನೀರು ತರುವ ತಾಮ್ರದ ಪೈಪು ತೊಲೆಗಳ ಮೇಲಂಚಿನ ಕಚ್ಚಿನಲ್ಲಿ ಕೂತು ಒಂದು ಸಾಲು ಹಲಗೆಗಳ ಉದ್ದಕ್ಕೂ ಹೋಗಿತ್ತು. ಅದು ಎಲ್ಲಿದೆಯೆಂದು ಗೊತ್ತಿರಲಿ ಅಂತ ಎಲುನೆಡ್ ಆ ಸಾಲಿನ ಹಲಗೆಗಳ ಮೇಲೆ ಸೀಮೆಸುಣ್ಣದ ಗೆರೆ ಎಳೆದಿದ್ದಳು. ಮೊಳೆ ಗೆರೆಯಿಂದ ದೂರ ಹೊಡೆಯಬೇಕು, ಅಷ್ಟೇ. ದೂರವೇ ಹೊಡೆದಿದ್ದಳಲ್ಲ!

ಬಗ್ಗಿ ನೋಡಿದಳು. ಪಕ್ಕದ ಹಲಗೆಯ ಮೇಲೆ ಕಿಟಕಿ ಕಡೆಗೆ ನೆಟ್ಟಗೆ ಬಂದ ಗೆರೆ, ಈ ಹಲಗೆ ಸೇರುವಲ್ಲಿ ನಾಲ್ಕು ಬೆರಳು ಈಚೆಗೆ ಜಿಗಿದಿತ್ತು. ಹಲಗೆಯ ಆ ತುದಿಯನ್ನು ಈ ಕಡೆಗೆ ತಿರುಗಿಸಿ ಕೂರಿಸಿದ್ದಳು.

"ಗ್ವಿಲಿಮ್, ಪೈಪಿಗೆ ಹೊಡ್ದೆ."

ಗ್ವಿಲಿಮ್ ಮಂಡಿಯೂರಿ ಕಿವಿ ಇಟ್ಟ. ಸದ್ದಿಲ್ಲ, ತೇವವಿಲ್ಲ. "ಮೊಳೆನೇ ಬಿರಡೆ ಆಗಿದೆ. ಕೀಳಬೇಡ ಅಕ್ಕಾ. ವರ್ಷಗಟ್ಟಲೆ ಹಿಂಗೇ ಇರುತ್ತೆ."

"ತುಕ್ಕು ಹಿಡಿಯೋ ತನಕ. ಆಮೇಲೆ? ಅವನ ಮಂಚ ಇಲ್ಲೇ, ಈ ಹಲಗೆ ಮೇಲೇ."

"ಅವ್ರು ಸಂಜೆಯೊಳಗೆ ಬರ್ತಾರೆ! ಬಾಯ್ಲರ್ ನಿಲ್ಲಿಸಿದ್ರೆ ರೂಮು ತಣ್ಣಗಾಗುತ್ತೆ, ಭಾವನ್ನ ಹಂಗೇ ವಾಪಸ್ ಕರ್ಕೊಂಡು ಹೋಗ್ತಾರೆ. ನಾಳೆ ಕೀಳೋಣ."

"ನಾಳೆ ಅವನು ಮಂಚದ ಮೇಲಿರ್ತಾನೆ. ಬಾಯ್ಲರ್ ಆಫ್ ಮಾಡು."

"ಅಕ್ಕಾ..."

"ಮಾಡು ಅಂದ್ನಲ್ಲ, ಹೋಗು!"

ರೇಡಿಯೇಟರಿನ ಬುಡದ ನಲ್ಲಿಗೆ ಕೊಳವೆ ಸಿಕ್ಕಿಸಿ ನೀರನ್ನು ಬೀದಿಯ ಚರಂಡಿಗೆ ಬಿಟ್ಟರು. ಕಾಯುವುದೇ ದೊಡ್ಡ ಹಿಂಸೆಯಾಯಿತು. ಆಮೇಲೆ ಎಲುನೆಡ್ ಮೊಳೆಯನ್ನು ಇಕ್ಕಳದಿಂದ ಹಿಡಿದು ಎಳೆದಳು. ತುದಿಗೆ ರೇಡಿಯೇಟರಿನ ಕಪ್ಪು ನೀರು ಅಂಟಿತ್ತು. ಹಲಗೆ ಎತ್ತುವಷ್ಟರಲ್ಲಿ ಪೈಪಿನಲ್ಲಿ ಉಳಿದಿದ್ದ ಸ್ವಲ್ಪ ನೀರು ಮೊಳೆಯ ತೂತಿನಿಂದ ಗುಳುಗುಳು ಎಂದು ಉಕ್ಕಿ ಹಾಳೆಯ ಕೆಳಗಿನ ಉಣ್ಣೆಗೆ ಇಳಿಯಿತು. ಗ್ವಿಲಿಮ್ ಹಾರ್ಡ್‌ವೇರ್ ಅಂಗಡಿಗೆ ಓಡಿ ಪೈಪು ಜೋಡಿಸುವ ಕೊಂಡಿ ತಂದ, ತೂತಾದ ತುಂಡನ್ನು ಕತ್ತರಿಸಿ ಕೊಂಡಿ ಒತ್ತಿ ಕೂರಿಸಿದ. ಒದ್ದೆ ಉಣ್ಣೆಯನ್ನು ಎಲುನೆಡ್ ಬಾಚಿ ಹೊರಗೆಸೆದಳು. ಆ ಖಾಲಿ ಜಾಗದಿಂದ ಗಾಳಿ ಸುಯ್ಯನೆ ಮೇಲೆ ಬಂದು ಅವಳ ಮುಖಕ್ಕೇ ಬಡಿಯಿತು. ತುಂಬಲು ಉಣ್ಣೆ ಉಳಿದಿರಲಿಲ್ಲ.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಆಂಬುಲೆನ್ಸು ಗೇರು ಬದಲಿಸಿದ ಸದ್ದು!

ಎಲುನೆಡ್ ಮೆಟ್ಟಿಲು ಹತ್ತಿ ಓಡಿದಳು, ಏನೋ ಅಪ್ಪಿಕೊಂಡು ಇಳಿದಳು, ತೊಲೆಗಳ ನಡುವೆ ತುರುಕಿದಳು, ಹಾಳೆ ಎಳೆದಳು. ಹಲಗೆ ಕೈಗೆತ್ತಿಕೊಳ್ಳುವಷ್ಟರಲ್ಲಿ ಬಾಗಿಲು ತೆರೆಯಿತು.

ಗಾಲಿಕುರ್ಚಿಯಲ್ಲಿ ಇದ್ವಲ್. ನೆಲದಲ್ಲಿ ಉದ್ದನೆಯ ತೆರಪು, ಪಕ್ಕದಲ್ಲಿ ಹಲಗೆ ಹಿಡಿದ ಹೆಂಡತಿ. ಒಂದು ಕ್ಷಣ ನೋಡಿದ.

"ಗುಂಡಿ ತೋಡಿ ಇಟ್ಟಿದ್ದೀಯಲ್ಲೇ! ಸ್ವಲ್ಪ ಕಿರಿದಾಯ್ತು."

"ನಿನ್ನ ಬಾಯಿ ಹೂಳೋಕೆ ಅಷ್ಟು ಸಾಕು," ಎನ್ನುತ್ತಾ ಅವಳು ಹಲಗೆಯನ್ನು ಕೂರಿಸಿದಳು. ಈ ಸಲ ಎರಡು ಗೆರೆಗಳೂ ಒಂದಾದವು.

ಆಂಬುಲೆನ್ಸಿನ ಹೆಂಗಸು ರೇಡಿಯೇಟರು ಮುಟ್ಟಿದಳು. "ಇದು ತಣ್ಣಗಿದೆಯಲ್ಲ, ಎಲುನೆಡ್ ಅವ್ರೇ?"

"ಮಧ್ಯಾಹ್ನ ಪೈಪಿಗೆ ಮೊಳೆ ಹೊಡ್ದೆ. ಆಗ್ಲಿಂದ ಬಾಯ್ಲರ್ ಆಫ್," ಎಂದಳು ಎಲುನೆಡ್. ಮುಚ್ಚಿಡಲು ಅವಳಲ್ಲಿ ಉಸಿರೇ ಉಳಿದಿರಲಿಲ್ಲ. "ಈಗ ನೀರು ತುಂಬಿಸ್ತೀವಿ."

ಹೆಂಗಸು ಮಾಪಕವನ್ನು ಕಿಟಕಿಯ ಹತ್ತಿರ ಹಿಡಿದಳು. ಗ್ವಿಲಿಮ್ ಗೋಡೆ ನೋಡುತ್ತಾ ನಿಂತ. ಎಲುನೆಡ್ ಸುತ್ತಿಗೆಯನ್ನು ಎದೆಗವಚಿಕೊಂಡಳು. ಹೆಂಗಸು ನೋಡಿದಳು, ಅಲ್ಲಾಡಿಸಿದಳು, ಮತ್ತೆ ನೋಡಿದಳು.

"ಹದಿನೆಂಟೂವರೆ. ಬಿಸಿ ಇಲ್ದೇನೇ?"

ಎಲುನೆಡ್ ಸುತ್ತಿಗೆಯನ್ನು ನೆಲದ ಮೇಲಿಟ್ಟಳು.

ಆಂಬುಲೆನ್ಸು ಹೋದ ಮೇಲೆ ಇದ್ವಲ್ ಕಾಲುಚೀಲದ ಪಾದವನ್ನು ನೆಲಕ್ಕೆ ಮೆಲ್ಲಗೆ ಇಳಿಸಿದ, ಅನುಮಾನದಿಂದ. ಬೆರಳು ಆಡಿಸಿದ. ಇನ್ನೊಂದು ಪಾದವನ್ನೂ ಇಳಿಸಿದ. ಗ್ವಿಲಿಮ್ ಆ ಹಲಗೆಯ ಮೇಲೆ ಎಳೆದಿಟ್ಟ ಮಂಚ ಹತ್ತಿ ಹೊದಿಕೆ ತಡಕಿದ.

"ನಮ್ಮ ಮದುವೆ ಕಂಬಳಿ ಎಲ್ಲೇ?"

"ನಿನ್ನ ಕೆಳಗೇ ಇದೆ," ಎಂದಳು ಎಲುನೆಡ್. "ಮಲಕ್ಕೋ."